ಮಿಷನ್ನಿಗೆ ಶುಕ್ರವಾರದ ತಲೆಸ್ನಾನ

ನಮ್ಮ ಹೊಟೇಲಿನ ಹಿತ್ತಲಲ್ಲಿ ಒಂದು ಡೀಸಲ್ ಮಿಷನು ಒಂದೂಕಾಲು ವರ್ಷ ಸುಮ್ಮನೆ ಕೂತಿತ್ತು. ಮರದ ಕೊಂಬೆಯನ್ನು ಬಾಯಿಗೆ ಕೊಟ್ಟರೆ ಚಕ್ಕೆ ಮಾಡಿ ಇನ್ನೊಂದು ಕಡೆಯಿಂದ ಉಗುಳುವ ಮಿಷನು. ಮಿಲಿಟರಿಯವರು ಬಿಟ್ಟುಹೋದದ್ದು, ಬಂದರಿನ ಗೋಡೌನಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿತ್ತಂತೆ. ಅದನ್ನು ಏಲಂನಲ್ಲಿ ಹಿಡಿದು, ಎತ್ತಿನಗಾಡಿಯ ಮೇಲೆ ಹೇರಿಸಿ, ತಾವು ಪಕ್ಕದಲ್ಲಿ ಮದುಮಗನ ಹಾಗೆ ಕೂತು ಮನೆಗೆ ತಂದವರು ನನ್ನ ಯಜಮಾನರು.

ಆಗ ನಾವು ಮದರಾಸಿನ ರಾಯಪುರಂನಲ್ಲಿ ಇದ್ದದ್ದು. ಅರವತ್ತರ ದಶಕದ ನಡುವಿನ ಮಾತು. ಮುಂದೆ ಹೊಟೇಲು, ಅದರ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು, ಹಿತ್ತಲಿನ ಗೋಡೆಯಾಚೆ ರೈಲಿನ ಹಳಿ. ಬಟ್ಟೆ ಒಣಗಹಾಕಿದರೆ ಇದ್ದಿಲ ಕರಿ ಬಂದು ಕೂರುತ್ತಿತ್ತು. ಸಮುದ್ರದ ಗಾಳಿ ಬಲವಾಗಿ ಬೀಸಿದ ದಿನ ಮಾತ್ರ ಬಿಳಿ ಪಂಚೆ ಬಿಳಿಯಾಗಿಯೇ ಒಳಗೆ ಬರುತ್ತಿತ್ತು. ಅಂಥ ದಿನ ದೇವರಿಗೆ ಒಂದು ಹೂವು ಹೆಚ್ಚಿಗೆ ಇಡುತ್ತಿದ್ದೆ. ಹೊಟೇಲು ನಡೆಸುತ್ತಿದ್ದವರು ಇಬ್ಬರು, ಯಜಮಾನರು ಮತ್ತು ಅವರ ಅಣ್ಣ, ಅಂದರೆ ನನ್ನ ಭಾವ. ಭಾವನ ಹೆಂಡತಿ ಮಕ್ಕಳು ಉಡುಪಿಯ ಹತ್ತಿರ ನಮ್ಮೂರಲ್ಲೇ ಇದ್ದರು. ಇಲ್ಲಿ ಮನೆಯಲ್ಲಿ ಹೆಂಗಸರು ಅಂದರೆ ನಾನು ಮತ್ತು ಅತ್ತೆ.

ಮಿಷನಿನ ಹಿಂದೆ ಯಜಮಾನರದ್ದೊಂದು ಲೆಕ್ಕಾಚಾರ ಇತ್ತು. ಹೊಟೇಲಿನ ಒಲೆಗೆ ಬೇಕಾದ ಸವುಕ್ಕು ಕಟ್ಟಿಗೆ, ನಮ್ಮೂರಲ್ಲಿ ಅದಕ್ಕೆ ಗಾಳಿಮರ ಅನ್ನುತ್ತಾರೆ, ದಪ್ಪನೆಯದು ಸಿಗುವುದು ಕಷ್ಟ. ಸಣ್ಣ ಕೊಂಬೆರೆಂಬೆ ಬೇಕಾದಷ್ಟು. ಅದನ್ನೇ ಚಕ್ಕೆ ಮಾಡಿ ಉರಿಸಿದರಾಯಿತು ಎಂದು ಅವರ ಯೋಚನೆ. ಮಿಷನು ಬಂದ ಮರುದಿನ ಗೋಡೌನಿನ ಆಳನ್ನು ಕರೆದು ಹೊರಡಿಸಿ ಒಂದು ಗುಡ್ಡೆ ಚಕ್ಕೆ ಮಾಡಿಸಿದರು. ಒಲೆಗೆ ಹಾಕಿದ್ದೇ ತಡ ಭುಗ್ ಎಂದು ಎದ್ದ ಬೆಂಕಿ ಮಾಡಿನ ಮಸಿಯನ್ನು ಮುಟ್ಟಿ ಬಂತು. ಸಾಂಬಾರು ಉಕ್ಕಿತು. ಉಕ್ಕಿದ್ದನ್ನು ಒರೆಸಿ ಮುಗಿಯುವಷ್ಟರಲ್ಲಿ ಒಲೆ ಆರಿಹೋಗಿತ್ತು, ಬೇಳೆ ಬೆಂದಿರಲಿಲ್ಲ.

"ಇದು ಒಲೆಗೆ ಹಾಕುವ ಕಟ್ಟಿಗೆಯಾ, ಹೋಮಕ್ಕೆ ಹಾಕುವ ಸಮಿತ್ತಾ?" ಎಂದರು ಭಾವ, ಅಡಿಗೆಯವರೆಲ್ಲರ ಎದುರಿಗೆ.

"ಒಲೆ ಸರಿ ಇಲ್ಲ. ಒಲೆ ಬದಲು ಮಾಡ್ಬೇಕು," ಎಂದರು ಇವರು.

"ಒಲೆ ಅಪ್ಪ ಹಾಕಿದ್ದು. ಬದಲು ಮಾಡ್ಬೇಕಾದ್ದು ಬೇರೆ ಉಂಟು."

ಅಷ್ಟೇ ಆದದ್ದು. ಅಲ್ಲಿಂದ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಒಂದೇ ಮನೆ, ಒಂದೇ ಹೊಟೇಲು, ಒಂದೇ ಬಾವಿಯ ನೀರು. ಮಾತು ಮಾತ್ರ ಅತ್ತೆಯ ಮೂಲಕ.

"ಅಮ್ಮ, ಅವನಿಗೆ ಹೇಳು, ಹಾಲಿನವ ಬಂದಿದ್ದಾನೆ ಅಂತ."

"ಮಗಾ, ಹಾಲಿನವ ಬಂದಿದ್ದಾನಂತೆ."

"ನಂಗೂ ಕಣ್ಣುಂಟು ಅಂತ ಹೇಳಮ್ಮ."

"ಅವನಿಗೂ ಕಣ್ಣುಂಟಂತೆ."

ಇಬ್ಬರೂ ಒಂದೂವರೆ ಮಾರು ದೂರದಲ್ಲಿ ನಿಂತಿರುತ್ತಿದ್ದರು. ನಾನಂತೂ ನಮ್ಮ ಪದ್ಧತಿಯಂತೆ ಭಾವನೆದುರು ನಿಂತು ಮಾತಾಡುವವಳಲ್ಲ. ಬಾಗಿಲ ಹಿಂದೆ ನಿಂತು ಅತ್ತೆಗೆ ಹೇಳುವುದು, ಅತ್ತೆ ಅವರಿಗೆ ಹೇಳುವುದು. ಹೀಗಾಗಿ ಅತ್ತೆ ಬಚ್ಚಲಿಗೆ ಹೋದರೆ ಆ ಅರ್ಧ ಗಂಟೆ ಹೊಟೇಲಿನಲ್ಲಿ ಯಾವ ತೀರ್ಮಾನವೂ ಆಗುತ್ತಿರಲಿಲ್ಲ. ಒಮ್ಮೆ ಅತ್ತೆಗೆ ಗಂಟಲು ಕಟ್ಟಿ ಮೂರು ದಿನ ಸ್ವರ ಹೊರಡಲಿಲ್ಲ. ಆ ಮೂರು ದಿನ ಅತ್ತೆ ಕೈಸನ್ನೆಯಲ್ಲೇ ಹೊಟೇಲು ನಡೆಸಿದರು. ಮೈಸೂರುಪಾಕು ಮಾಡಿರೆಂದು ಭಾವ ಹೇಳಿಕಳಿಸಿದರೆ ಬೋಂಡ ಆಗಿತ್ತು. ಯಾರೂ ಹಸಿದು ಹೋಗಲಿಲ್ಲ, ಅದೊಂದು ಪುಣ್ಯ.

ಮಿಷನು ತಗಡಿನ ಮಾಡಿನ ಕೆಳಗೆ ಕೂತೇ ಇತ್ತು. ನಮ್ಮ ಮನೆಯಲ್ಲಿ ಶುಕ್ರವಾರ ಬೆಳಿಗ್ಗೆ ಹೊಸ್ತಿಲು, ಒಲೆ, ರುಬ್ಬುವ ಕಲ್ಲು, ನೀರಿನ ಹಂಡೆ, ಎಲ್ಲಕ್ಕೂ ಅರಿಸಿನಕುಂಕುಮ ಇಡುವುದು ವಾಡಿಕೆ. ಆಯುಧಪೂಜೆಯ ದಿನ ಮಿಷನ್ನಿಗೂ ಇಟ್ಟೆ. ಮರುವಾರ ಅದನ್ನು ಬಿಟ್ಟು ಬಂದಾಗ ಅತ್ತೆ ಕೇಳಿದರು.

"ಅದಕ್ಕೆ ಯಾಕೆ ಇಡಲಿಲ್ಲ?"

"ಅದು ಕೆಲಸ ಮಾಡುದಿಲ್ಲವಲ್ಲ ಅತ್ತೆ."

"ಕೆಲಸ ಮಾಡುವವರಿಗೆ ಹೇಗೂ ದೇವರು ಉಂಟು. ಸುಮ್ಮನೆ ಕೂತವರಿಗೇ ಜಾಸ್ತಿ ಬೇಕು."

ಅಂದಿನಿಂದ ಶುಕ್ರವಾರ ತಪ್ಪಿಸಲಿಲ್ಲ. ಇಡುವುದೆಲ್ಲಿ ಎಂಬುದೇ ಒಂದು ಪ್ರಶ್ನೆಯಾಗಿತ್ತು. ಮಿಷನಿನ ಎಲ್ಲಕ್ಕಿಂತ ಮೇಲೆ ಡೀಸಲ್ ತೊಟ್ಟಿ, ತೊಟ್ಟಿಯ ಮೇಲೆ ಅಂಗೈಯಗಲದ ಹಿತ್ತಾಳೆಯ ಮುಚ್ಚಳ, ದುಂಡಗೆ, ನಡುವೆ ಸ್ವಲ್ಪ ಉಬ್ಬಿಕೊಂಡು ಚೆಂದವಾಗಿತ್ತು. ಹಣೆ ಅಂದರೆ ಅದೇ ಎಂದು ನನಗೆ ಅನ್ನಿಸಿತು. ಆದರೆ ಅದರ ಮೇಲೆ ಎಣ್ಣೆ ಜಿಡ್ಡು, ಕುಂಕುಮ ನಿಲ್ಲುತ್ತಿರಲಿಲ್ಲ. ಆ ಕಾಲದಲ್ಲಿ ನಾವು ನಮ್ಮ ಹಣೆಗೆ ಮೊದಲು ಒಂದು ಚೂರು ಜೇನುಮೇಣ ಸವರಿ, ಅದರ ಮೇಲೆ ಕುಂಕುಮ ಒತ್ತುತ್ತಿದ್ದೆವು. ಒಲೆಯ ಮುಂದೆ ಎಷ್ಟು ಬೆವರಿದರೂ ಜಾರುವುದಿಲ್ಲ. ಮಿಷನ್ನಿಗೂ ನನ್ನ ಕರಡಿಗೆಯ ಮೇಣವನ್ನೇ ಸವರಿದೆ. ಹೀಗೆ ವಾರಕ್ಕೊಂದು ಸಲ ಮೇಣ, ಮೇಲೆ ಕುಂಕುಮ. ಮತ್ತೆ ಮೇಣ, ಮತ್ತೆ ಕುಂಕುಮ. ಬೇಸಿಗೆ ಬರುವಾಗ ಅದು ಒಂದು ಸಣ್ಣ ನಿಪ್ಪಟ್ಟಿನಷ್ಟು ದಪ್ಪವಾಗಿತ್ತು. ನೋಡಲು ಲಕ್ಷಣವಾಗಿಯೇ ಇತ್ತು.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ, ಇವರು ಕಾಫಿ ಕುಡಿಯುತ್ತಿದ್ದಾಗ, ಭಾವ ಅತ್ತೆಗೆ ಹೇಳಿದರು.

"ಅಮ್ಮ, ಅವನಿಗೆ ಹೇಳು. ಹಿತ್ತಲಲ್ಲಿ ಜಾಗ ಬೇಕು. ಶನಿವಾರ ಗುಜರಿಯವ ಗಾಡಿ ತರ್ತಾನೆ. ಮಿಷನು ಹೋಗ್ತದೆ."

ಅತ್ತೆ ಇವರ ಕಡೆ ತಿರುಗಿದರು. ಇವರು ಲೋಟ ಕೆಳಗಿಟ್ಟರು.

"ಅದು ನಡೆಯುವ ಮಿಷನು. ನಡೆಯುವುದನ್ನು ಯಾರಾದರೂ ಗುಜರಿಗೆ ಹಾಕ್ತಾರಾ ಅಂತ ಕೇಳಮ್ಮ."

"ನಡೆದರೆ ಇಟ್ಕೊಳ್ಳಲಿ. ಶುಕ್ರವಾರದೊಳಗೆ ನಡೆಸಿ ತೋರಿಸ್ಲಿ ಅಂತ ಹೇಳು."

"ತೋರಿಸ್ತೇನೆ. ತೋರಿಸ್ಲಿಕ್ಕೆ ಆಗದಿದ್ರೆ ಅದರ ಜೊತೆ ನಾನೂ ಹೊರಟೆ ಅಂತ ಹೇಳು. ಅಂಬತ್ತೂರಿನಲ್ಲಿ ಹೊಸ ಕಾರ್ಖಾನೆ ಆಗಿದೆ. ಅಲ್ಲಿನ ಕ್ಯಾಂಟೀನಿಗೆ ಆಳು ಬೇಕಂತೆ. ನಾನು ಕೇಳಿ ಆಗಿದೆ."

ಈ ಮಾತನ್ನು ಅತ್ತೆ ದಾಟಿಸಲಿಲ್ಲ. ದಾಟಿಸದಿದ್ದರೂ ಭಾವನಿಗೆ ಕೇಳಿಸಿತ್ತು. ಅವರು ಹೆಗಲ ಮೇಲಿನ ಬೈರಾಸನ್ನು ಕೊಡವಿ ಹೊಟೇಲಿಗೆ ಹೋದರು.

ಸತ್ಯ ಹೇಳುತ್ತೇನೆ, ದೇವರು ಕ್ಷಮಿಸಲಿ. ಅಂಬತ್ತೂರು ಎಂದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ನನ್ನದೇ ಒಂದು ಸಣ್ಣ ಒಲೆ, ನನ್ನದೇ ಒಂದು ಉಪ್ಪಿನ ಭರಣಿ. ಬಾಗಿಲ ಹಿಂದೆ ನಿಲ್ಲಬೇಕಾಗಿಲ್ಲದ ಮನೆ. ಇಡೀ ಸೋಮವಾರ ಆ ಒಲೆ ನನ್ನ ಮನಸ್ಸಿನಲ್ಲಿ ಉರಿಯಿತು. ಸಂಜೆ ಇವರ ತಟ್ಟೆಯಲ್ಲಿ ಅನ್ನ ಹಾಗೇ ಉಳಿದಿತ್ತು. ಮರುದಿನವೂ ಉಳಿಯಿತು. ಅಪ್ಪ ಹಾಕಿದ ಒಲೆಯ ಎದುರು ಹನ್ನೆರಡನೆಯ ವರ್ಷದಿಂದ ಬೆವರಿದ ಮನುಷ್ಯ. ಅಂಬತ್ತೂರಿಗೆ ಹೋದರೆ ಅಲ್ಲಿ ಅನ್ನ ಉಣ್ಣಲಾರರು ಎಂದು ನನಗೆ ಗೊತ್ತಾಯಿತು. ಆಮೇಲೆ ನಾನು ಪ್ರಾರ್ಥಿಸಿದ್ದು ಮಿಷನಿಗಾಗಿ.

ಮಂಗಳವಾರ ಫಿಟ್ಟರ್ ಬಂದರು. ಬಂದರಿನಲ್ಲಿ ದೋಣಿಗಳ ಇಂಜಿನ್ ನೋಡುವವರು, ನಮ್ಮ ಹೊಟೇಲಿನ ಖಾಯಂ ಗಿರಾಕಿ. ಕ್ರೈಸ್ತರು; ಕುತ್ತಿಗೆಯಲ್ಲಿ ಕಪ್ಪು ದಾರ, ದಾರದಲ್ಲಿ ಒಂದು ಸಣ್ಣ ಶಿಲುಬೆ. ಇಪ್ಪತ್ತು ವರ್ಷ ನಮ್ಮ ದೋಸೆ ತಿಂದದ್ದರಿಂದ ಅರ್ಧ ತಮಿಳು ಅರ್ಧ ಕನ್ನಡ ಮಾತಾಡುತ್ತಿದ್ದರು. ಇಂಜಿನ್ ಹೊರಡಿಸುವ ಹಿಡಿ ತಿರುಗಿಸುವ ಮುನ್ನ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಇವರು ರಾಯರನ್ನು ನೆನೆದರು. ಅಡಿಗೆಮನೆಯ ಬಾಗಿಲಲ್ಲಿ ಅತ್ತೆ ಕೃಷ್ಣನನ್ನು ಕರೆದರು. ಇಷ್ಟು ಜನ ಕರೆದರೂ ಮಿಷನು ಮೂರು ಸಲ ಡುಗ್ ಡುಗ್ ಡುಗ್ ಎಂದು ನಿಂತುಹೋಯಿತು.

"ವರ್ಷ ಪೂರಾ ನಿಂದಿದೆ ಅಲ್ಲವಾ ಅಮ್ಮಾ, ಹಳೆ ಡೀಸಲ್ ಕೆಟ್ಟು ಪೋಚು," ಎಂದರು ಫಿಟ್ಟರ್. ತೊಟ್ಟಿಯನ್ನು ಬರಿದು ಮಾಡಿದರು. ತಳದಲ್ಲಿ ನಿಜವಾಗಿಯೂ ನೀರು ಇತ್ತು, ಕಂದು ಬಣ್ಣದ ಗಸಿ ಇತ್ತು. ತೊಳೆದು ಹೊಸ ಡೀಸಲ್ ಹಾಕಿದರು.

"ಹೊಟ್ಟೆ ತುಂಬ ಹಾಕಿ," ಎಂದರು ಅತ್ತೆ. "ಅರ್ಧ ಹೊಟ್ಟೆಯಲ್ಲಿ ಯಾರು ಕೆಲಸ ಮಾಡ್ತಾರೆ?"

ಕಂಠದವರೆಗೆ ತುಂಬಿಸಿದರು. ಮುಚ್ಚಳದ ಅಡಿಯ ಚರ್ಮದ ಬಳೆ ಒಣಗಿ ಬಿರಿದಿತ್ತು. ಫಿಟ್ಟರ್ ಹೊಸದು ಕತ್ತರಿಸಿ ಹಾಕಿ ಬಿಗಿಯಾಗಿ ತಿರುಗಿಸಿದರು. ಒಂದು ಕಣ ಧೂಳು ಒಳಗೆ ಹೋಗಬಾರದು, ಹೋದರೆ ಪಂಪು ಹಾಳು ಎಂದರು. ಹಿಡಿ ತಿರುಗಿಸಿದರು. ಡುಗ್ ಡುಗ್ ಡುಗ್. ನಿಂತಿತು.

ಆಮೇಲೆ ಕೊಳವೆಯಲ್ಲಿ ಗಾಳಿ ಸೇರಿದೆ ಎಂದರು. ಮುಚ್ಚಳ ತೆಗೆದು, ಕೆಳಗೆ ಒಂದು ತಿರುಪು ಸಡಿಲಿಸಿ, ಡೀಸಲ್ ಗುಳ್ಳೆ ಗುಳ್ಳೆಯಾಗಿ ಬಂದು ಆಮೇಲೆ ದಾರದ ಹಾಗೆ ಬರುವವರೆಗೆ ಕಾದರು. ದಾರದ ಹಾಗೆ ಬಂತು. ಎಲ್ಲರಿಗೂ ಸಂತೋಷ. ಮುಚ್ಚಳ ಹಾಕಿದರು, ತಿರುಗಿಸಿದರು. ಡುಗ್ ಡುಗ್ ಡುಗ್.

ಬುಧವಾರ ಗಾಳಿ ಎಳೆಯುವ ಕೊಳವೆಯನ್ನು ಬಿಚ್ಚಿದರು. ಒಳಗೆ ಕಣಜದ ಮಣ್ಣಿನ ಗೂಡು ಇತ್ತು. ಇದೇ, ಇದೇ ಎಂದು ಇವರು ಕುಣಿದರು. ಅದಲ್ಲ. ಹೊಗೆಯ ಕೊಳವೆಯಲ್ಲಿ ಅಳಿಲು ತೆಂಗಿನ ನಾರು ತುಂಬಿಸಿತ್ತು. ಅದೂ ಅಲ್ಲ. ಡೀಸಲನ್ನು ತುಂತುರು ಮಾಡುವ ಮೂತಿಯನ್ನು ಬಿಚ್ಚಿ ನೋಡಿದರೆ ಅದು ಹೊಸ ಪನ್ನೀರುದಾನಿಯ ಹಾಗೆ ಚಿಮುಕಿಸಿತು. ಇಂಜಿನ್ನಿಗೆ ಚಳಿಯಾಗಿರಬಹುದು ಎಂದು ಯಾರೋ ಅಂದದ್ದಕ್ಕೆ ಹೊಟೇಲಿನಿಂದ ಎರಡು ಕೊಳದಪ್ಪಲೆ ಬಿಸಿನೀರು ತಂದು ಅದರ ಮೈಮೇಲೆ ಹೊಯ್ದರು. ಮದರಾಸಿನ ಮೇ ತಿಂಗಳು. ಹೊಯ್ದವರಿಗೆ ತಲೆ ತಿರುಗಿತು, ಇಂಜಿನ್ನಿಗೆ ಏನೂ ಆಗಲಿಲ್ಲ. ಯಾರ ಕೈಯೂ ಸುಡಲಿಲ್ಲ ಎಂದು ನಾನು ಒಳಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿದೆ.

ವಿಚಿತ್ರ ಅಂದರೆ, ಮಿಷನ್ನನ್ನು ಒಂದು ಗಂಟೆ ಸುಮ್ಮನೆ ಬಿಟ್ಟು ಬಂದು ತಿರುಗಿಸಿದರೆ ಮತ್ತೆ ಮೂರು ಸಲ ಡುಗ್ ಅನ್ನುತ್ತಿತ್ತು. ಊಟಕ್ಕೆ ಕರೆದರೆ ಮೂರು ತುತ್ತು ತಿಂದು ಸಾಕು ಎಂದು ಏಳುವ ಮಕ್ಕಳ ಹಾಗೆ.

ಭಾವ ಹಿತ್ತಲಿಗೆ ಬರುತ್ತಿರಲಿಲ್ಲ. ಒಳಗಿನಿಂದಲೇ ಕೇಳುತ್ತಿದ್ದರು. "ಅಮ್ಮ, ಕೆಮ್ಮು ಹೇಗುಂಟಂತೆ? ಕಷಾಯ ಮಾಡಿ ಕೊಡ್ಬೇಕಾ ಕೇಳು."

"ಕಷಾಯ ಬೇಕಾ ಅಂತ ಕೇಳ್ತಾನೆ ಮಗಾ."

"ಅವನಿಗೇ ಕುಡಿಸಮ್ಮ."

ಗುರುವಾರ ಮಧ್ಯಾಹ್ನ ಹೊತ್ತಿಗೆ ಫಿಟ್ಟರ್ ಸೋತಿದ್ದರು. ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ಒರೆಸಿ ಒರೆಸಿ ಹೊಸ ಹೆಣ್ಣಿನ ಹಾಗೆ ಮಾಡಿಟ್ಟಿದ್ದರು. ಇವರು ಗೋಡೆಗೆ ಒರಗಿ ರೈಲಿನ ಹಳಿ ನೋಡುತ್ತಾ ನಿಂತಿದ್ದರು. ನಾನು ಅಡಿಗೆಮನೆಯ ಬಾಗಿಲಲ್ಲಿ ಕೂತು ಸಂಜೆಯ ಬಜ್ಜಿಗೆ ಎಣ್ಣೆಯ ಹೊಸ ಡಬ್ಬಿ ಒಡೆಯುತ್ತಿದ್ದೆ. ಮೊಳೆಯಿಂದ ಒಂದು ಮೂಲೆಯಲ್ಲಿ ತೂತು ಮಾಡಿ ಬಗ್ಗಿಸಿದೆ. ಗಳ್ ಗಳ್ ಗಳ್ ಎಂದು ಮೂರು ಸಲ ಬಂದು ಎಣ್ಣೆ ನಿಂತಿತು. ಯಾವಾಗಲೂ ನಿಲ್ಲುವುದೇ. ಮುಚ್ಚಿದ ಡಬ್ಬಿಗೆ ಎದುರಿನ ಮೂಲೆಯಲ್ಲಿ ಇನ್ನೊಂದು ತೂತು ಮಾಡಬೇಕು. ಒಂದರಲ್ಲಿ ಗಾಳಿ ಹೋದರೆ ಮಾತ್ರ ಇನ್ನೊಂದರಲ್ಲಿ ಎಣ್ಣೆ ಬರುತ್ತದೆ. ಅಡಿಗೆಮನೆಗೆ ಹೊಕ್ಕ ಯಾವ ಹೆಣ್ಣಿಗೂ ಇದು ಗೊತ್ತು. ಎರಡನೆಯ ತೂತಿಗೆ ಮೊಳೆ ಇಟ್ಟವಳು ಹಾಗೇ ಕೂತುಬಿಟ್ಟೆ.

ಮುಚ್ಚಳ ತೆಗೆದಾಗ ದಾರದ ಹಾಗೆ ಬಂತು. ಮುಚ್ಚಳ ಹಾಕಿದ ಮೇಲೆ ಮೂರು ಸಲ.

ಫಿಟ್ಟರ್ ಹೊರಗಿನವರಾದ್ದರಿಂದ ನೇರವಾಗಿ ಕೇಳಿಯೇಬಿಟ್ಟೆ. "ಆ ಮುಚ್ಚಳದಲ್ಲಿ ಗಾಳಿ ಹೋಗ್ಲಿಕ್ಕೆ ತೂತು ಇಲ್ಲವಾ?"

"ಇರುಕ್ಕುಂ ಅಮ್ಮಾ. ಎಲ್ಲಾ ಮೂಡಿಯಲ್ಲೂ ಇರ್ತದೆ. ಸೂಜಿ ಅಷ್ಟು. ನಡುವಿನಲ್ಲಿ..." ಎಂದವರು ಮುಚ್ಚಳದ ಕಡೆ ತಿರುಗಿ ಬಾಯಿ ಮುಚ್ಚಿಕೊಂಡರು.

ನಡುವಿನಲ್ಲಿ ನನ್ನ ಅಷ್ಟೂ ಶುಕ್ರವಾರಗಳ ಕುಂಕುಮ ಇತ್ತು.

ಮೂರು ದಿನ ಮಿಷನಿನ ಒಂದೊಂದು ಬೆರಳಗಲವನ್ನೂ ಒರೆಸಿದವರು ಅದೊಂದನ್ನು ಮಾತ್ರ ಮುಟ್ಟಿರಲಿಲ್ಲ. ಸುತ್ತಲೂ ಹಿತ್ತಾಳೆ ಹೊಳೆಯುತ್ತಿತ್ತು, ನಡುವೆ ಕೆಂಪು ಬಿಲ್ಲೆ ಹಾಗೇ ಇತ್ತು.

"ಅಯ್ಯೋ ಅಮ್ಮಾ, ಅದು ನಿಮ್ಮ ಸಾಮಿ ಪೊಟ್ಟು ಅಲ್ಲವಾ? ನಾನು ಎಪ್ಪಡಿ ಕೈ ಇಡೋದು? ಪಕ್ಕದಲ್ಲೇ ಒರೆಸಿದೆ, ಜಾಗ್ರತೆಯಾ."

ನಾನು ಇವರನ್ನು ಕರೆದು ತಪ್ಪು ಒಪ್ಪಿಕೊಂಡೆ. ಮೇಣದ ಸಂಗತಿಯನ್ನೂ ಹೇಳಿದೆ. ಇವರು ನನ್ನನ್ನು ನೋಡಿದರು, ಮುಚ್ಚಳ ನೋಡಿದರು, ತಲೆ ಮೇಲೆ ಕೈಯಿಟ್ಟುಕೊಂಡು ನೆಲದ ಮೇಲೆ ಕೂತರು.

"ಮೇಣ ಹಾಕಿದ್ದಿಯಾ ಮಾರಾಯ್ತಿ?"

"ಜಾರ್ತಿತ್ತು. ಅದಕ್ಕೆ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ, ನಗುವಿನ ಹಾಗೆ ಏನೋ ಒಂದು ಸದ್ದು ಬಂತು. ಹೆಗಲ ಬಟ್ಟೆ ತೆಗೆದುಕೊಂಡು ಒರೆಸಲು ಎದ್ದರು.

"ಎಂತ ಮಾಡುದು ನೀನು?" ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರ ಸ್ವರ ಎಂದಿನಂತಿರಲಿಲ್ಲ.

"ಕುಂಕುಮ ಒರೆಸ್ಬೇಕಮ್ಮ. ಅದರಿಂದಲೇ ಹೊರಡುದಿಲ್ಲ."

"ಒರೆಸ್ಬೇಡ."

"ಅಮ್ಮ, ಅದು ಮಿಷನು."

"ಇಷ್ಟು ದಿನ ಇಟ್ಟದ್ದು ಯಾರಿಗೆ ಹಾಗಾದರೆ? ಇಡುವಾಗ ಲಕ್ಷ್ಮಿ, ತೆಗೆಯುವಾಗ ಮಿಷನಾ? ಈ ಮನೆಯಲ್ಲಿ ಒಂದು ಸಲ ಒರೆಸಿದ್ದಾರೆ. ಹಿಡಿದುಕೊಂಡು ಒರೆಸಿದರು. ಇನ್ನೊಂದು ಸಲ ನನ್ನ ಕಣ್ಣೆದುರು ಬೇಡ."

ಮಾವ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಅತ್ತೆ ಆ ದಿನದ ಮಾತನ್ನು ಎತ್ತಿದ್ದು ನಾನು ಕೇಳಿದ್ದು ಅದೇ ಮೊದಲು. ಇವರು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು.

ಫಿಟ್ಟರ್ ಮೆತ್ತಗೆ ಹೇಳಿದರು. "ಮೂಡಿಯನ್ನೇ ತೆಗೆದು ಓಡಿಸಿ ಕಾಣಿಸಲಾಮಾ? ಡೀಸಲ್ ಚೆಲ್ಲುತ್ತೆ, ಆದ್ರೂ..."

"ತಲೆ ತೆಗೆದು ಓಡಿಸ್ತಾನಂತೆ!" ಎಂದು ಅತ್ತೆ ಒಳಗೆ ಹೋದರು. ಆ ಸಂಜೆ ಯಾರ ಮಾತೂ ಯಾರಿಗೂ ದಾಟಲಿಲ್ಲ.

ಶುಕ್ರವಾರ ಬೆಳಿಗ್ಗೆ ನನ್ನ ಎಣ್ಣೆಸ್ನಾನದ ದಿನ. ಬಚ್ಚಲಿನಲ್ಲಿ ಕೂತು ತಲೆಗೆ ಸೀಗೆಪುಡಿ ಹಾಕಿ ನೀರು ಹೊಯ್ದುಕೊಂಡೆ. ಎದುರಿಗೆ ಹರಿದ ನೀರಿನಲ್ಲಿ ಕೆಂಪು ಕಂಡಿತು, ನನ್ನ ಹಣೆಯದೇ. ವಾರ ವಾರವೂ ಹೋಗುತ್ತದೆ. ಯಾರೂ ಅದನ್ನು ಒರೆಸಿದ್ದು ಅನ್ನುವುದಿಲ್ಲ. ಮೈ ಒರೆಸಿ ಬಂದು ಮತ್ತೆ ಇಟ್ಟುಕೊಳ್ಳುತ್ತೇವೆ, ಅಷ್ಟೆ. ನಾನು ಅರ್ಧ ಸ್ನಾನದಲ್ಲೇ ದೇವರಿಗೆ ಕೈ ಮುಗಿದೆ. ತಲೆ ಸರಿಯಾಗಿ ಒಣಗುವ ಮೊದಲೇ ಅತ್ತೆಯ ಹತ್ತಿರ ಹೋದೆ.

"ಅತ್ತೆ, ಇವತ್ತು ಶುಕ್ರವಾರ. ಹೆಣ್ಣುಮಕ್ಕಳ ತಲೆಸ್ನಾನದ ದಿನ."

"ಹೌದು. ನಿನ್ನದಾಯ್ತಲ್ಲ."

"ಅದರದ್ದು ಆಗಿಲ್ಲ. ಬಂದು ಒಂದೂಕಾಲು ವರ್ಷ ಆಯ್ತು. ತಲೆಗೆ ಒಂದು ಸಲವೂ ಎರೆದಿಲ್ಲ."

ಅತ್ತೆ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಆಟ ಆಡುತ್ತಿಲ್ಲ ಎಂದು ಅವರಿಗೆ ಗೊತ್ತಾಗಬೇಕಿತ್ತು, ಗೊತ್ತಾಯಿತೆಂದು ಕಾಣುತ್ತದೆ.

"ಎಣ್ಣೆ ಹಚ್ಚದೆ ಎರೆಯುದಾ?" ಎಂದರು ಕಡೆಗೆ.

"ಹಚ್ಚಿಯೇ."

"ಮೊದಲು ಚಕ್ರದ ಮೇಲೆ ಒಂದು ಕುಂಕುಮ ಇಡು. ಆಮೇಲೆ ಮೇಲಿನದ್ದಕ್ಕೆ ಎರಿ. ಒಂದು ಗಳಿಗೆ ಕೂಡ ಬೋಳು ಇರಬಾರ್ದು. ರಾಹುಕಾಲದ ಮೊದಲು ಮುಗಿಸು."

ಹಾಗೆ ಆ ಸ್ನಾನ ನಡೆಯಿತು. ಹಿತ್ತಲಲ್ಲಿ ನೀರು ಚಿಮುಕಿಸಿ ಒಂದು ಎಳೆ ರಂಗೋಲಿ ಹಾಕಿದೆ. ಚಕ್ರಕ್ಕೆ ಅರಿಸಿನಕುಂಕುಮ ಇಟ್ಟೆ. ಡೀಸಲಿಗೆ ನೀರು ಸೇರಿದರೆ ಮತ್ತೆ ಮೊದಲಿನಿಂದ ಎಂದು ಫಿಟ್ಟರ್ ಅಳುವವರ ಹಾಗೆ ಹೇಳಿದ್ದರಿಂದ, ಮುಚ್ಚಳವನ್ನು ಬಿಚ್ಚಿ ಮಣೆಯ ಮೇಲೆ ಕೂರಿಸಲು ಅತ್ತೆ ಒಪ್ಪಿದರು. ಚಕ್ರದಲ್ಲಿ ಕುಂಕುಮ ಇದ್ದ ಮೇಲೆ ಚಿಂತೆಯಿಲ್ಲ. ತೊಟ್ಟಿಯ ಬಾಯಿಗೆ ಒಗೆದ ಬಟ್ಟೆ ಮುಚ್ಚಿದರು. ಬಿಸಿ ಎಳ್ಳೆಣ್ಣೆ ಹಚ್ಚಿ ಹತ್ತು ನಿಮಿಷ ನೆನೆಯಬಿಟ್ಟೆ. ಸುಡುವ ನೀರು ಹೊಯ್ದೆ. ಮೇಣ ಕರಗಿ ಕೆಂಪಾಗಿ ಇಳಿಯಿತು. ಸೀಗೆಪುಡಿ ಹಾಕಿ ತಿಕ್ಕಿದೆ.

"ಇಂಜಿನುಕ್ಕು ಸೀಗೆಕಾಯಾ?" ಎಂದು ಫಿಟ್ಟರ್ ಶಿಲುಬೆ ಹಿಡಿದುಕೊಂಡು ನಿಂತಿದ್ದರು. "ನನ್ನ ಮೇಲಿನವರಿಗೆ ಇದನ್ನು ಹೇಳಿದರೆ ನನ್ನನ್ನು ಕೆಲಸದಿಂದ ತೆಗೀತಾರೆ."

"ಕಿವಿಯ ಹಿಂದೆ ತಿಕ್ಕು," ಎಂದರು ಅತ್ತೆ, ಅಭ್ಯಾಸದಿಂದ.

ತೂತು ಕಂಡಿತು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಚುಚ್ಚಿದೆ. ಒಳಗಿನ ಮೇಣ ಹುಳುವಿನ ಹಾಗೆ ಹೊರಗೆ ಬಂತು. ಮುಚ್ಚಳವನ್ನು ಕಣ್ಣಿಗೆ ಹಿಡಿದರೆ ಆಚೆ ಆಕಾಶದ ಒಂದು ಚುಕ್ಕೆ. ಒರೆಸಿ, ಒಣಗಿಸಿ, ಸಾಂಬ್ರಾಣಿ ಹೊಗೆಯನ್ನೂ ತೋರಿಸಬೇಕೆಂದು ಅತ್ತೆ ಹೇಳಿದರು. ಡೀಸಲಿನ ಹತ್ತಿರ ಕೆಂಡ ತರುವುದಾ ಎಂದು ಫಿಟ್ಟರ್ ಅತ್ತೆಯ ಎದುರಿಗೇ ಕೈ ಮುಗಿದರು. ಅದೊಂದನ್ನು ಬಿಟ್ಟೆವು.

ಮುಚ್ಚಳ ಹಾಕಿದರು. ಈ ಸಲ ಹಿಡಿ ತಿರುಗಿಸಿದವರು ಇವರೇ. ಫಿಟ್ಟರ್ ಇಂಜಿನಿನ ಮೇಲಿನ ಸಣ್ಣ ಕೊಂಡಿಯನ್ನು ಎತ್ತಿ ಹಿಡಿದರು, ಚಕ್ರ ವೇಗಕ್ಕೆ ಬಂತು, ಕೊಂಡಿ ಬಿಟ್ಟರು. ಡುಗ್ ಡುಗ್ ಡುಗ್. ನಾನು ಕಣ್ಣು ಮುಚ್ಚಿದೆ. ಡುಗ್. ನಾಲ್ಕನೆಯದು! ಐದನೆಯದು. ಆಮೇಲೆ ಎಣಿಸಲು ಆಗಲಿಲ್ಲ. ತಗಡಿನ ಮಾಡು, ಗೋಡೆ, ನನ್ನ ಹಲ್ಲು, ಎಲ್ಲ ಒಟ್ಟಿಗೆ ನಡುಗಿದವು. ಕರಿ ಹೊಗೆ ಬಂದು ಬಿಳಿಯಾಯಿತು.

ಇವರಿಗೆ ಹುಚ್ಚೇ ಹಿಡಿಯಿತು. ಮೂಲೆಯಲ್ಲಿದ್ದ ಸವುಕ್ಕು ಕೊಂಬೆಗಳನ್ನು ಅಪ್ಪಿಕೊಂಡು ತಂದು ಮಿಷನಿನ ಬಾಯಿಗೆ ಕೊಟ್ಟರು. ಮೂರು ದಿನದ ಎಳೆದಾಟದಲ್ಲಿ ಮಿಷನು ತಿರುಗಿ, ಅದರ ಉಗುಳುವ ಮೂತಿ ನೇರ ಅಡಿಗೆಮನೆಯ ಹಿಂಬಾಗಿಲಿಗೆ ಮುಖ ಮಾಡಿತ್ತು. ಅದನ್ನು ನಾವು ಯಾರೂ ನೋಡಿರಲಿಲ್ಲ. ಸದ್ದು ಕೇಳಿ ಭಾವ ಆ ಬಾಗಿಲಿಗೆ ಬಂದರು. ಒಂದು ಬುಟ್ಟಿಯಷ್ಟು ಚಕ್ಕೆ ಅವರ ಎದೆ, ಜುಟ್ಟು, ಜನಿವಾರ, ಎಲ್ಲದರ ಮೇಲೆ ಬಿತ್ತು. ಉಳಿದದ್ದು ಅವರನ್ನು ದಾಟಿ ಮರುದಿನದ ಇಡ್ಲಿಹಿಟ್ಟಿನ ಕೊಳಗಕ್ಕೆ ಬಿತ್ತು.

"ನಿಲ್ಸಾ!" ಎಂದು ಭಾವ ಕೂಗಿದರು.

ಇವರಿಗೆ ಕೇಳಿಸಲಿಲ್ಲ. ಇನ್ನೊಂದು ಕೊಂಬೆ ಕೊಟ್ಟರು.

"ನಿಲ್ಲಿಸ್ಬೇಕಂತೆ ಮಗಾ!" ಎಂದು ಅತ್ತೆ ಕೂಗಿದರು. ಅದೂ ಕೇಳಿಸಲಿಲ್ಲ.

ಭಾವ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಚಕ್ಕೆಯ ಮಳೆಯೊಳಗೇ ನಡೆದು ಬಂದು ತಮ್ಮನ ತೋಳು ಹಿಡಿದು ಅಲುಗಿಸಿದರು. "ನಿನ್ನ ಹತ್ರವೇ ಹೇಳುದು ಮಾರಾಯ! ನಿಲ್ಸು!"

"ನಿಲ್ಲಿಸುದು ಹೇಗೆ ಅಂತ ಗೊತ್ತಿಲ್ಲ ಅಣ್ಣಯ್ಯ!"

"ಗೊತ್ತಿಲ್ಲದೆ ಹೊರಡಿಸಿದ್ದಾ?"

"ಇಷ್ಟು ದಿನ ತಾನಾಗಿಯೇ ನಿಲ್ತಿತ್ತು!"

ಫಿಟ್ಟರ್ ಹೊಟ್ಟೆ ಹಿಡಿದುಕೊಂಡು ನಗುತ್ತಾ ಬಂದು ಡೀಸಲಿನ ತಿರುಗಣೆ ಮುಚ್ಚಿದರು. ಮಿಷನು ನಿಧಾನಕ್ಕೆ ಸದ್ದಿಳಿಸಿತು. ಆದರೆ ಅಣ್ಣತಮ್ಮಂದಿರು ಇಳಿಯಲಿಲ್ಲ. ಹಿಟ್ಟು ಹೋಯಿತು ಎಂದು ಅಣ್ಣ, ಬಾಗಿಲಲ್ಲಿ ಬಂದು ನಿಲ್ಲಲು ಯಾರು ಹೇಳಿದರು ಎಂದು ತಮ್ಮ. ನಾನು ಸಮಿತ್ತು ಅಂದದ್ದರಲ್ಲಿ ತಪ್ಪೇನು ಎಂದು ಅಣ್ಣ, ಆಳುಗಳ ಎದುರು ಹೇಳಿದ್ದು ತಪ್ಪು ಎಂದು ತಮ್ಮ. ಒಂದೂಕಾಲು ವರ್ಷ ಕಟ್ಟಿಕೊಂಡದ್ದೆಲ್ಲ ಬಂತು. ಅಂಬತ್ತೂರಿನ ಕ್ಯಾಂಟೀನಿನವರಿಗೆ ಸಾಂಬಾರಿನ ಗಂಧ ಗೊತ್ತುಂಟಾ ಎಂದು ಭಾವ ಕೇಳಿದರು. ಗೊತ್ತಿಲ್ಲದ್ದಕ್ಕೇ ನನ್ನನ್ನು ಕರೆದದ್ದು ಎಂದರು ಇವರು. ಹೋಗಿ ನೋಡು, ಕಾಲು ಮುರೀತೇನೆ ಎಂದರು ಭಾವ.

ಅತ್ತೆ ಒಬ್ಬೊಬ್ಬರ ಮುಖ ನೋಡುತ್ತಾ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರು. ದಾಟಿಸಲು ಏನೂ ಇರಲಿಲ್ಲ.

ನಾನು ಕೊಳಗದ ಹತ್ತಿರ ಕೂತು ಹಿಟ್ಟಿನಿಂದ ಚಕ್ಕೆ ಹೆಕ್ಕಿದೆ. ಹಿಟ್ಟನ್ನು ಹಾಲಿನವನ ಹಸುವಿಗೇ ಹಾಕಬೇಕಾಯಿತು. ಎರಡನೆಯ ಕೊಳಗಕ್ಕೆ ಮುಚ್ಚಳ ಇತ್ತು, ಅದೊಂದು ಉಳಿಯಿತು. ಶನಿವಾರ ಗುಜರಿಯವನು ಬಂದಾಗ ಭಾವ ಅವನಿಗೆ ಕಾಫಿ ಕೊಡಿಸಿ ವಾಪಸು ಕಳಿಸಿದರು. ಆ ಚಕ್ಕೆ ಅಡಿಗೆಯ ಒಲೆಗೆ ಕಡೆಗೂ ಒಗ್ಗಲಿಲ್ಲ. ಬಚ್ಚಲಿನ ಹಂಡೆಗೆ ಒಗ್ಗಿತು. ಹೊಟೇಲಿನ ಹುಡುಗರಿಗೆಲ್ಲ ದಿನಾ ಬಿಸಿನೀರು.

ಆ ಶುಕ್ರವಾರ ಮಧ್ಯಾಹ್ನ ಇಬ್ಬರೂ ಅಕ್ಕಪಕ್ಕ ಎಲೆ ಹಾಕಿಕೊಂಡು ಕೂತರು, ಮಿಷನಿನ ಮೂತಿ ಯಾವ ಕಡೆ ತಿರುಗಿಸಬೇಕು ಎಂದು ಜಗಳವಾಡುತ್ತಲೇ. ಗೋಡೆಯ ಕಡೆ ಅಂದರು ಇವರು, ರೈಲಿನವರು ಸುಮ್ಮನಿರುತ್ತಾರಾ ಅಂದರು ಭಾವ. ನಾನು ಅನ್ನ ಬಡಿಸಿದೆ. ಇವರು ಮಾತಿನ ಮಧ್ಯೆ ನೋಡದೆ ಉಂಡು, ಎಲೆ ಖಾಲಿಯಾದದ್ದೂ ತಿಳಿಯದೆ ಬರೀ ಎಲೆಯ ಮೇಲೆ ಬೆರಳಾಡಿಸುತ್ತಿದ್ದರು. ನಾನು ಮತ್ತೆ ಒಂದು ಸೌಟು ಬಡಿಸಿದೆ. ಬೇಡವೆನ್ನಲಿಲ್ಲ.